ಎಲೆ ಕೊಟ್ಟು ಎಲ್ಲ ಕೊಂಡ ರಾಜ

ಕಾರಾಗೃಹ, ಮಹಿಳಾ ವಿಭಾಗ
ಮೈಸೂರು
12 ಆಗಸ್ಟ್ 2024

ಚಿರಂಜೀವಿ ಶಿವನಂಜುವಿಗೆ ನಿನ್ನ ಅಕ್ಕ ತಾಯಮ್ಮ ಮಾಡುವ ಆಶೀರ್ವಾದಗಳು.

ಹದಿನಾಲ್ಕು ವರ್ಷ ಬರೆಯದೆ ಇದ್ದವಳು ಈಗ ಬರೆದಿದ್ದಾಳೆ ಎಂದರೆ ಏನೋ ಕೇಳುವುದಕ್ಕೇ ಇರಬೇಕು ಎಂದು ನೀನು ಅಂದುಕೊಳ್ಳುತ್ತೀಯ. ನೀನು ಅಂದುಕೊಂಡದ್ದು ಸರಿಯೇ. ಕೇಳುವುದಕ್ಕೇ ಬರೆದಿದ್ದೇನೆ. ಆದರೆ ದುಡ್ಡಲ್ಲ, ಗಾಬರಿಯಾಗಬೇಡ.

ಇಲ್ಲಿದ್ದುಕೊಂಡೇ ಬಿ.ಎ. ಮುಗಿಸಿ, ಈಗ ಮುಕ್ತ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಎಂ.ಎ. ಮಾಡುತ್ತಿದ್ದೇನೆ. ನಗಬೇಡ. ಮುಂದುವರಿದ ಒಂದು ದೇಶದ ಅರ್ಥವ್ಯವಸ್ಥೆ, ಅದರ ವ್ಯಾಪಾರ, ಇದರ ಮೇಲೆ ದೊಡ್ಡ ಪ್ರಬಂಧ ಬರೆಯಬೇಕು. ಇಲ್ಲಿನ ಲೈಬ್ರರಿಯಲ್ಲಿ ಅಮೆರಿಕದ ಮೇಲಿರುವುದು ಒಂದೇ ಪುಸ್ತಕ. ಅದರಲ್ಲಿ ಸೋವಿಯತ್ ರಷ್ಯಾ ಇನ್ನೂ ಒಡೆದಿಲ್ಲ. ನೀನು ನ್ಯೂಜೆರ್ಸಿಯಲ್ಲಿ ಬಂದರಿನ ಹತ್ತಿರ ಆಮದಿನ ಕಾಗದಪತ್ರ ಮಾಡುವ ಕಚೇರಿಯಲ್ಲಿದ್ದೀಯ ಎಂದು ಚಿಕ್ಕಪ್ಪನ ಮಗ ಹೇಳಿದ. ನಿನಗಿಂತ ಚೆನ್ನಾಗಿ ಯಾರು ಹೇಳಿಯಾರು?

ಬೇಕೆಂದೇ ನಿನ್ನ ಮನೆಗೆ ಬರೆಯದೆ ಕಚೇರಿಗೆ ಬರೆದಿದ್ದೇನೆ. ಹಾಳೆಯ ಮೇಲೆ ಇಲ್ಲಿನ ಮುದ್ರೆ ಬೀಳುತ್ತದೆ, ತಪ್ಪಿಸಲಾಗದು. ಆದರೆ ಅದು ಕನ್ನಡದಲ್ಲಿದೆ. ಅಲ್ಲಿ ಯಾರು ಓದುತ್ತಾರೆ?

ನಿನ್ನ ಭಾವನ ವಿಷಯ ಬರೆಯುವುದಿಲ್ಲ. ಅವನು ದಿನಾ ಎತ್ತುತ್ತಿದ್ದ ಕೈಯನ್ನು ಒಂದು ದಿನ ನಾನು ಎತ್ತಿದೆ. ನನ್ನ ಕೈಯಲ್ಲಿ ಒನಕೆ ಇತ್ತು. ಕೋರ್ಟಿನಲ್ಲಿ ಹೇಳಿದ್ದೂ ಇಷ್ಟೇ, ನಿನಗೂ ಇಷ್ಟೇ.

ಆಗುವುದಾದರೆ ಬರೆ. ಆಗದಿದ್ದರೆ ಬೇಡ.

ತಾಯಮ್ಮ


ಎಲಿಜಬೆತ್, ನ್ಯೂಜೆರ್ಸಿ
20 ಸೆಪ್ಟೆಂಬರ್ 2024

ಮಾನ್ಯರೇ,

ತಮ್ಮ ಪತ್ರ ತಲುಪಿತು. ಕೇಳಿದ ಮಾಹಿತಿ ಹೀಗಿದೆ.

ಅಮೆರಿಕದ ಉತ್ಪನ್ನದಲ್ಲಿ ಐದರಲ್ಲಿ ನಾಲ್ಕು ಪಾಲು ಸೇವಾ ವಲಯದ್ದು: ಬ್ಯಾಂಕು, ಆಸ್ಪತ್ರೆ, ವಿಮೆ, ಶಿಕ್ಷಣ, ಸಾಫ್ಟ್‌ವೇರ್, ಅಂಗಡಿ, ಹೋಟೆಲು. ಕಾರ್ಖಾನೆಗಳದ್ದು ಸುಮಾರು ಹತ್ತನೇ ಒಂದು ಪಾಲು. ಬೇಸಾಯದ್ದು ನೂರಕ್ಕೆ ಒಂದರ ಆಸುಪಾಸು. ಆದರೂ ಸೋಯಾ, ಮುಸುಕಿನ ಜೋಳ, ಗೋಧಿ ಹೊರದೇಶಗಳಿಗೆ ಹೋಗುತ್ತವೆ. ಜನ ಕೊಂಡು ಬಳಸುವುದರಿಂದಲೇ ಅರ್ಥವ್ಯವಸ್ಥೆಯ ಮೂರನೇ ಎರಡು ಪಾಲು ನಡೆಯುತ್ತದೆ. ಮುಖ್ಯ ರಫ್ತು: ತೈಲ, ಅನಿಲ, ವಿಮಾನ, ಯಂತ್ರ. ಮುಖ್ಯ ಆಮದು: ಕಾರು, ಕಂಪ್ಯೂಟರು, ಫೋನು, ಔಷಧ, ಬಟ್ಟೆ. ಹೆಚ್ಚಿನ ವ್ಯಾಪಾರ ಮೆಕ್ಸಿಕೊ, ಕೆನಡಾ, ಚೀನಾಗಳ ಜೊತೆ. ಸರಕಿನ ವ್ಯಾಪಾರದಲ್ಲಿ ಮಾರುವುದಕ್ಕಿಂತ ಕೊಳ್ಳುವುದೇ ಬಹಳ ಹೆಚ್ಚು. ಸೇವೆಗಳಲ್ಲಿ ಮಾತ್ರ ಮಾರುವುದು ಹೆಚ್ಚು.

ಇಷ್ಟು ಸಾಕಾಗಬಹುದು.

ಇತಿ,
ಶಿವನಂಜು

ವಿ.ಸೂ.: ದಯವಿಟ್ಟು ಕಚೇರಿಯ ವಿಳಾಸಕ್ಕೇ ಬರೆಯುವುದು.


ಮೈಸೂರು
4 ನವೆಂಬರ್ 2024

ಪ್ರೀತಿಯ ನಂಜು,

ನನ್ನನ್ನು ‘ಮಾನ್ಯರೇ’ ಎಂದು ಕರೆದವನು ನೀನೇ ಮೊದಲಿಗ. ಸಲ್ಮಾಗೆ ತೋರಿಸಿದೆ. ಅವಳು ನನ್ನ ಪಕ್ಕದ ಹಾಸಿಗೆಯವಳು, ಹೊಲಿಗೆಯಲ್ಲಿ ಗಟ್ಟಿಗಿತ್ತಿ. “ಅಕ್ಕಾ, ನಿಮ್ ತಮ್ಮ ತಹಸೀಲ್ದಾರ್ರಾ?” ಎಂದಳು. ಇಲ್ಲಿ ಪತ್ರಗಳನ್ನು ನಮಗಿಂತ ಮೊದಲು ಓದುವುದು ಜೈಲರ್ ಮೇಡಂ. ಅವರು ಮಾತ್ರ ನಿನ್ನನ್ನು ಮೆಚ್ಚಿದರು. “ನೀಟಾಗಿ ಬರ್ದವ್ರೆ ಕಣಮ್ಮಾ, ಹಂಗೇ ಕಾಪಿ ಹೊಡಿ.”

ಆದರೆ ನನಗೆ ಅರ್ಥವಾಗದ್ದು ಒಂದಿದೆ. ಮಾರುವುದಕ್ಕಿಂತ ಹೆಚ್ಚು ಕೊಳ್ಳುವ ಮನೆ ಎಷ್ಟು ದಿನ ನಿಂತೀತು? ನಮ್ಮೂರಲ್ಲಿ ಹಾಗೆ ಕೊಂಡವರ ಮನೆ ಹಂಚು ಸಮೇತ ಹೋಯಿತಲ್ಲ. ಅಮೆರಿಕ ಹೇಗೆ ನಿಂತಿದೆ? ಯೋಚಿಸುತ್ತಾ ಕೂತಾಗ ನನಗೆ ಎಲೆ ರಾಜನ ಕಥೆ ನೆನಪಾಯಿತು.

ನಿನಗೆ ನೆನಪಿದೆಯೋ ಇಲ್ಲವೋ. ಅವ್ವ ಹೋದ ಮೇಲೆ ಮಳವಳ್ಳಿ ಸಂತೆಗೆ ನಾವಿಬ್ಬರೇ ಹೋಗುತ್ತಿದ್ದೆವು. ನನ್ನ ತಲೆಯ ಮೇಲೆ ಹುಣಸೆಹಣ್ಣಿನ ಗಂಟು, ನಿನಗೆ ಆರು ವರ್ಷ. ಅರ್ಧ ದಾರಿಗೆ ನೀನು ಕೂತುಬಿಡುತ್ತಿದ್ದೆ. “ನಡೀಲಾ ನಂಜು, ಕಥೆ ಏಳ್ತೀನಿ” ಎಂದರೆ ಏಳುತ್ತಿದ್ದೆ. ಒಬ್ಬ ರಾಜ ಇದ್ದ. ಅವನ ಹತ್ತಿರ ಒಂದು ಮುದ್ರೆ. ಮುತ್ತುಗದ ಎಲೆ ಕಿತ್ತು ಮುದ್ರೆ ಒತ್ತಿ ಅಂಗಡಿಯವನಿಗೆ ಕೊಡುತ್ತಿದ್ದ. ಎತ್ತಿಗೆ ಒಂದೆಲೆ, ಕುದುರೆಗೆ ಎರಡೆಲೆ. ಆ ಎಲೆಯನ್ನು ಅಂಗಡಿಯವನು ಗಾಣಿಗನಿಗೆ, ಗಾಣಿಗ ಕುಂಬಾರನಿಗೆ. ಎಲ್ಲರೂ ತೆಗೆದುಕೊಳ್ಳುತ್ತಾರೆ ಎಂದು ಎಲ್ಲರೂ ತೆಗೆದುಕೊಳ್ಳುತ್ತಿದ್ದರು. ಎಲೆ ಮಾತ್ರ ತಿರುಗಿ ರಾಜನ ಮನೆಗೆ ಹೋಗಲೇ ಇಲ್ಲ.

ಸೇತುವೆ ಬಂದೊಡನೆ ನಾನು ಕಥೆ ನಿಲ್ಲಿಸುತ್ತಿದ್ದೆ. “ಮಿಕ್ಕಿದ್ದು ಬರೋ ವಾರ.” ಕೊನೆಯನ್ನು ಒಂದು ವಾರವೂ ಹೇಳಲಿಲ್ಲ, ಅಲ್ಲವೇ?

ನಿನ್ನ ಕಿಟಕಿಯಿಂದ ಏನು ಕಾಣುತ್ತದೆ, ಮಧ್ಯಾಹ್ನ ಏನು ತಿನ್ನುತ್ತೀಯ, ಅದನ್ನೂ ಬರೆ. ಪ್ರಬಂಧಕ್ಕೆ ಉದಾಹರಣೆಗಳು ಬೇಕಂತೆ.

ತಾಯಮ್ಮ


ಎಲಿಜಬೆತ್
19 ಜನವರಿ 2025

ಅಕ್ಕಾ,

ನಿನ್ನ ಪತ್ರ ಬಂದು ಐದು ವಾರವಾಯಿತು. ಎರಡು ಸಲ ಬರೆದು ಹರಿದೆ.

ಕಿಟಕಿಯಿಂದ ಕಾಣುವುದು ಕಂಟೇನರುಗಳು. ನಮ್ಮೂರ ಶಾಲೆಯ ಒಂದೊಂದು ಕೋಣೆಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಗಳು, ಆರು ಅಂತಸ್ತು ಪೇರಿಸಿದ್ದಾರೆ. ಅವುಗಳ ಮೇಲೆ ಹಿಮ. ಒಳಗೆ ಬರುವಾಗ ಎಲ್ಲವೂ ತುಂಬಿರುತ್ತವೆ: ಸೋಫಾ, ಚಪ್ಪಲಿ, ಬಾಳೆಹಣ್ಣು, ತಿರುಪ್ಪೂರಿನ ಬನಿಯನ್ನು. ಹೊರಗೆ ಹೋಗುವಾಗ ಬಹಳಷ್ಟು ಖಾಲಿ. ಕೆಲವದರಲ್ಲಿ ರದ್ದಿ ಕಾಗದ, ಮುರುಕು ಕಬ್ಬಿಣ. ಮೊದಮೊದಲು ನನಗೆ ಅದು ಸಂಕಟವಾಗುತ್ತಿತ್ತು. ಗೇಟಿನಲ್ಲಿ ಪೆಟ್ಟಿಗೆ ಎಣಿಸುವ ಡೇನಿಯಲ್ ನಗುತ್ತಾನೆ. “ಖಾಲಿ ಪೆಟ್ಟಿಗೆಗೂ ಬಾಡಿಗೆ ಉಂಟು ಮ್ಯಾನ್, ನೀನ್ಯಾಕೆ ಅಳ್ತೀಯ?”

ನಿನ್ನ ಎಲೆ ರಾಜನ ಕಥೆಯನ್ನು ಪ್ರಬಂಧದಲ್ಲಿ ಧಾರಾಳವಾಗಿ ಬರೆ. ಡಾಲರು ಆ ಎಲೆಯೇ. ಇಲ್ಲಿ ಮಾಲು ಮಾರಿದ ದೇಶಗಳು ಡಾಲರನ್ನು ತಾವೇ ಇಟ್ಟುಕೊಳ್ಳುತ್ತವೆ, ತಮ್ಮತಮ್ಮಲ್ಲೂ ಅದರಲ್ಲೇ ವ್ಯಾಪಾರ ಮಾಡುತ್ತವೆ, ಉಳಿದದ್ದನ್ನು ಅಮೆರಿಕದ ಸರ್ಕಾರಕ್ಕೇ ಸಾಲವಾಗಿ ಕೊಡುತ್ತವೆ. ಹೀಗಾಗಿ ಕೊಳ್ಳುವ ಮನೆ ನಿಂತಿದೆ. ಇಪ್ಪತ್ತು ವರ್ಷದಿಂದ ನಾನು ಜನರಿಗೆ ಹೇಳುತ್ತಿರುವುದನ್ನು ನೀನು ಸಂತೆ ದಾರಿಯಲ್ಲೇ ಹೇಳಿದ್ದೆ.

ಮಧ್ಯಾಹ್ನ ಕಾರಿನಲ್ಲಿ ಕೂತು ಮೊಸರನ್ನ ತಿನ್ನುತ್ತೇನೆ. ತಿಂಗಳಿಗೊಮ್ಮೆ ಟ್ರೈನು ಹಿಡಿದು ಫ್ಲಶಿಂಗ್‌ನ ಗಣೇಶನ ಗುಡಿಗೆ ಒಬ್ಬನೇ ಹೋಗುತ್ತೇನೆ. ಕೆಳಗೆ ಕ್ಯಾಂಟೀನಿದೆ. ಹೋದ ವಾರ ದೋಸೆಯ ಸಾಲಿನಲ್ಲಿ ಒಬ್ಬ ಹುಡುಗಿ, “ಯಾವ್ ಕಡೆಯವ್ರು ಅಂಕಲ್ ನೀವು? ನಿಮ್ ಮಾತು ನಮ್ ಮಳವಳ್ಳಿ ಅಜ್ಜಿ ಥರಾನೇ ಇದೆ” ಎಂದಳು. ಬೆಂಗಳೂರು ಎಂದುಬಿಟ್ಟೆ. ದೋಸೆ ಕಟ್ಟಿಸಿಕೊಂಡು ಹೊರಟೆ.

ಹೆಂಡತಿ ಲಾವಣ್ಯಾ, ಮಗಳು ದಿಯಾ ಚೆನ್ನಾಗಿದ್ದಾರೆ. ದಿಯಾಗೆ ಈಗ ಹತ್ತು. ಲಾವಣ್ಯಾ ನಿನ್ನನ್ನು ಕೇಳಿದಳು.

ಶಿವನಂಜು


ಮೈಸೂರು
10 ಮಾರ್ಚ್ 2025

ಪ್ರೀತಿಯ ನಂಜುವಿಗೆ ನಿನ್ನ ಅಕ್ಕ ತಾಯಮ್ಮ ಮಾಡುವ ಆಶೀರ್ವಾದ.

‘ಲಾವಣ್ಯಾ ನಿನ್ನನ್ನು ಕೇಳಿದಳು.’ ಈ ಸಾಲನ್ನು ಎಷ್ಟು ಸಲ ಓದಿದೆನೋ. ಕಡೆಗೆ ಸಲ್ಮಾ ಹಾಳೆ ಕಿತ್ತುಕೊಂಡು, “ಬಿಡಿ ಅಕ್ಕಾ, ಅಕ್ಸರ ಅಳಿಸೋಯ್ತದೆ” ಎಂದಳು. ನೋಡದ ನಾದಿನಿಯನ್ನು ಕೇಳುವ ಹೆಣ್ಣು ಒಳ್ಳೆಯವಳೇ ಇರಬೇಕು. ನಾನು ಕೇಳಿದೆ ಎಂದು ಹೇಳು. ಕೂಸಿಗೆ ಅತ್ತೆಯ ಮುತ್ತು ಕೊಡು.

ಆ ಧೈರ್ಯದ ಮೇಲೆ ಒಂದು ವಿಷಯ. ಸನ್ನಡತೆಯವರನ್ನು ಬಿಡುವ ಪಟ್ಟಿಯಲ್ಲಿ ಈ ಸಲ ನನ್ನ ಹೆಸರಿದೆ. ಡಿಸೆಂಬರಿನಲ್ಲಿ ಸಮಿತಿ ಕೂರುತ್ತದೆ. ಬಿಟ್ಟರೆ ಜನವರಿ ಇಪ್ಪತ್ತಾರಕ್ಕೆ. ಅದಕ್ಕೆ ರಕ್ತಸಂಬಂಧಿಯೊಬ್ಬರು ಒಪ್ಪಿಗೆಪತ್ರ ಕೊಡಬೇಕಂತೆ. ಫಾರಂ ಇದರ ಜೊತೆಗಿದೆ. ಅದರಲ್ಲಿ ‘ಸದರಿಯವರು ನನಗೆ ______ ಆಗಬೇಕು’ ಎಂದಿದೆ. ಆ ಖಾಲಿ ಜಾಗದಲ್ಲಿ ಒಂದು ಪದ, ಕೆಳಗೆ ಒಂದು ರುಜು.

ಹೆದರಬೇಡ, ಅಮೆರಿಕಕ್ಕೆ ಬಂದು ನಿನ್ನ ಸೋಫಾದ ಮೇಲೆ ಕೂರುವುದಿಲ್ಲ. ಸಲ್ಮಾ ಮೇ ತಿಂಗಳಲ್ಲಿ ಹೊರಗೆ ಹೋಗುತ್ತಾಳೆ, ಮಂಡಿಮೊಹಲ್ಲಾದಲ್ಲಿ ಹೊಲಿಗೆ ಅಂಗಡಿ ಇಡುತ್ತಾಳಂತೆ. ಗುಂಡಿಗೆ ಕಾಜಾ ಹಾಕುವುದಕ್ಕೆ ನಾನು ಬೇಕಂತೆ. ನಿನ್ನ ರುಜು ಮಾತ್ರ ಬೇಕು.

ತಾಯಮ್ಮ


ಎಲಿಜಬೆತ್
25 ಮೇ 2025

ಅಕ್ಕನಿಗೆ,

ನಿನ್ನ ಪ್ರಬಂಧಕ್ಕೆ ಹೊಸ ಅಧ್ಯಾಯವೇ ಬೇಕಾದೀತು. ಏಪ್ರಿಲಿನಿಂದ ಇಲ್ಲಿ ಆಮದಿನ ಮೇಲೆ ಸುಂಕ ಏರಿಸಿದ್ದಾರೆ. ಬೆಳಿಗ್ಗೆ ಒಂದು ದರ, ಸಂಜೆಗೆ ಇನ್ನೊಂದು. ಹಡಗು ಹೊರಟಾಗ ಇದ್ದ ಸುಂಕ ಬಂದು ಮುಟ್ಟುವಾಗ ಇರುವುದಿಲ್ಲ. ಸುಂಕವನ್ನು ಹೊರದೇಶದವರು ಕೊಡುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಸುಂಕ ಕಟ್ಟುವವನು ಇಲ್ಲಿನ ಆಮದುದಾರ. ಅವನು ಒಂದಿಷ್ಟು ತಾನು ನುಂಗಿ ಉಳಿದದ್ದನ್ನು ಕೊಳ್ಳುವವರ ಮೇಲೆ ಹಾಕುತ್ತಾನೆ. ಕಾರ್ಖಾನೆಗಳನ್ನು ಮತ್ತೆ ಇಲ್ಲಿಗೇ ತರಬೇಕು ಎನ್ನುವುದು ಸುಂಕದ ಪರವಾಗಿರುವವರ ವಾದ. ಎರಡೂ ಕಡೆಯನ್ನು ಬರೆ, ಅಂಕ ಸಿಗುತ್ತದೆ.

ನಮ್ಮ ಕಚೇರಿಯಲ್ಲಿ ಕೆಲಸ ವಿಪರೀತ. ಹಾಗಾಗಿ ಉತ್ತರ ತಡವಾಯಿತು.

ಪರೀಕ್ಷೆಗೆ ಶುಭವಾಗಲಿ.

ಶಿವನಂಜು


ಮೈಸೂರು
3 ಸೆಪ್ಟೆಂಬರ್ 2025

ಶಿವನಂಜುವಿಗೆ,

ಸುಂಕದ ವಿಷಯ ಪರೀಕ್ಷೆಯಲ್ಲಿ ಬಂತು. ಚೆನ್ನಾಗಿ ಬರೆದಿದ್ದೇನೆ. ಉಪಕಾರವಾಯಿತು.

ಫಾರಂ ಬರುತ್ತದೆಂದು ಜೂನ್ ಕಾದೆ, ಜುಲೈ ಕಾದೆ. ಟಪಾಲು ಹಂಚುವ ಹೊತ್ತಿಗೆ ಹೊರಗೆ ಕೂರುತ್ತಿದ್ದೆ. ಈಗ ಕೂರುವುದಿಲ್ಲ. ಲಾವಣ್ಯಾ ಬೇಡ ಎಂದಿರಬೇಕು. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಅನ್ನುತ್ತಿದ್ದೆನೇನೋ, ಮನೆಯಲ್ಲಿ ಹೆಣ್ಣು ಮಗುವಿದೆ. ಅವಳ ಮೇಲೆ ರೇಗಬೇಡ.

ಮೊನ್ನೆ ಮೇಡಂ ಕರೆದು ಕೇಳಿದರು, “ಯಾರಮ್ಮ ಇದಾರೆ ನಿಂಗೆ?” ಯಾರೂ ಇಲ್ಲ ಎಂದು ಬರೆದುಕೊಟ್ಟೆ. ಹಾಗೆ ಬರೆದರೆ ಅನಾಥರ ಪಟ್ಟಿಯಲ್ಲಿ ಸೇರಿಸಿ ಯಾವುದಾದರೂ ಆಶ್ರಮ ಹುಡುಕುತ್ತಾರಂತೆ. ಸಲ್ಮಾ ಹೋದ ಮೇಲೆ ಪಕ್ಕದ ಹಾಸಿಗೆಗೆ ಯಾರೂ ಬಂದಿಲ್ಲ. ಕಥೆ ಹೇಳಿದರೆ ಕೇಳುವವರಿಲ್ಲ.

ಇನ್ನು ಬರೆಯುವುದಿಲ್ಲ. ನೀನೂ ಕಷ್ಟಪಟ್ಟು ಬರೆಯಬೇಡ. ಚೆನ್ನಾಗಿರು.

ತಾಯಮ್ಮ


ಈಸ್ಟ್ ಬ್ರನ್ಸ್‌ವಿಕ್, ನ್ಯೂಜೆರ್ಸಿ
24 ಸೆಪ್ಟೆಂಬರ್ 2025

ಅಕ್ಕಾ,

ಮೇಲಿನ ವಿಳಾಸ ನೋಡು. ಇದು ಮನೆಯದು.

ನಿನಗೆ ಒಂದು ಸುಳ್ಳು ಬರೆದಿದ್ದೆ. ಲಾವಣ್ಯಾ ನಿನ್ನನ್ನು ಕೇಳಿರಲಿಲ್ಲ. ಕೇಳಲು ಅವಳಿಗೆ ನೀನು ಇದ್ದೀಯೆಂದೇ ಗೊತ್ತಿರಲಿಲ್ಲ. 2013ರಲ್ಲಿ ಹೆಣ್ಣು ನೋಡಲು ಹೋದಾಗ ಅವರಪ್ಪ, “ಒಡಹುಟ್ಟಿದವರು?” ಎಂದರು. ಅಕ್ಕ ಒಬ್ಬಳಿದ್ದಳು, ತೀರಿಕೊಂಡಳು ಎಂದೆ. ಬಾಯಿಂದ ಬಂದುಹೋಯಿತು. ಆಮೇಲೆ ತಿದ್ದಲು ದಿನವೇ ಸಿಗಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಬೇರೆ. ಲಾವಣ್ಯಾ ಶ್ರದ್ಧೆಯವಳು. ಮದುವೆಯಾದ ವರ್ಷವೇ ಪಿತೃಪಕ್ಷದ ಅಮಾವಾಸ್ಯೆಗೆ ಅಪ್ಪ ಅವ್ವನಿಗೆ ಎಡೆ ಇಟ್ಟು, ಪಕ್ಕದಲ್ಲಿ ನಿನಗೂ ಒಂದು ಎಲೆ ಹಾಕಿದಳು. “ನಿಮ್ಮಕ್ಕಂಗೆ ಏನಿಷ್ಟ ಇತ್ತು ರೀ?” ಎಂದಳು. ಕಡಲೆಪುರಿ, ಬೆಲ್ಲ ಎಂದೆ. ಎಲೆಯ ಮುಂದೆ ಹೊಸ ಸೀರೆ. ವರ್ಷ ವರ್ಷವೂ ಹೀಗೇ. ಆ ಸೀರೆಗಳನ್ನು ಅವಳು ಉಡಲಿಲ್ಲ. “ಅವ್ರದ್ದು, ಮನಸ್ಸು ಬರಲ್ಲ” ಎಂದು ಸೂಟ್‌ಕೇಸಿನಲ್ಲಿ ಮಡಿಸಿಟ್ಟಳು. ಪ್ರತಿ ವರ್ಷ ನಾನು ಬದುಕಿರುವ ನಿನಗೆ ಕೈಮುಗಿದು ಎದ್ದಿದ್ದೇನೆ.

ಮೊನ್ನೆ ಭಾನುವಾರ ಅಮಾವಾಸ್ಯೆ. ಲಾವಣ್ಯಾ ಎಲೆ ಹಾಕುತ್ತಿದ್ದಳು. ದಿಯಾ ಶನಿವಾರ ಶನಿವಾರ ಕನ್ನಡ ಕ್ಲಾಸಿಗೆ ಹೋಗುತ್ತಾಳೆ. ಮನೆಯಲ್ಲಿರುವ ಯಾವುದಾದರೂ ಕನ್ನಡ ಬರಹ ಓದಿಕೊಂಡು ಬನ್ನಿ ಎಂದು ಟೀಚರ್ ಹೇಳಿದ್ದರಂತೆ. ನನ್ನ ಬ್ಯಾಗಿನಲ್ಲಿ ಹುಡುಕಿದ್ದಾಳೆ. ನಿನ್ನ ಮಾರ್ಚಿನ ಪತ್ರ, ಫಾರಮ್ಮಿನ ಜೊತೆ, ಅಲ್ಲೇ ಇತ್ತು. ಆರು ತಿಂಗಳಿಂದ ಅದನ್ನು ಹೊತ್ತುಕೊಂಡೇ ಕೆಲಸಕ್ಕೆ ಓಡಾಡುತ್ತಿದ್ದೆ. ಅವಳು ಮೊದಲು ಓದಿದ್ದೇ ಮುದ್ರೆಯನ್ನು.

“ಕಾ... ರಾ... ಗೃ... ಹ. ಅಪ್ಪಾ, ವಾಟ್ಸ್ ಕಾರಾಗೃಹ?”

ಹಾಳೆಯನ್ನು ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಓದುತ್ತಾ ಮುಂದಕ್ಕೆ ಹೋದಳು. “ನಿನ್ನ ಅಕ್ಕ ತಾಯಮ್ಮ ಮಾಡುವ... ತಾಯಮ್ಮ ಅತ್ತೆ? ಬಟ್ ಶಿ ಈಸ್ ಡೆಡ್, ರೈಟ್?”

ಲಾವಣ್ಯಾಳ ಕೈಯಲ್ಲಿ ಸೌಟು ಇತ್ತು. “ತಾರೀಖು ಓದು ಪುಟ್ಟಾ.”

“ಮಾರ್ಚ್ ಟೆನ್. ದಿಸ್ ಇಯರ್, ಅಮ್ಮಾ.”

ಲಾವಣ್ಯಾ ಮೂರನೆಯ ಎಲೆಯನ್ನು ಮಡಿಸಿ ತೆಗೆದಳು. ಸೀರೆಯನ್ನು ಸೆರಗಿನಿಂದ ಒರೆಸಿದಳು. “ಬದುಕಿರೋರಿಗೆ ಎಡೆ ಇಡ್ಸಿದ್ರಲ್ಲ ರೀ, ನನ್ ಕೈಯಲ್ಲಿ” ಎಂದಳು. ಅಷ್ಟೇ. ಈ ಮೂರು ದಿನ ಮಾತಾಡಿಲ್ಲ. ನಿನ್ನೆ ಸೂಟ್‌ಕೇಸ್ ತಂದು ನನ್ನ ಮುಂದಿಟ್ಟಳು. ಈ ವರ್ಷದ್ದೂ ಸೇರಿ ಹದಿಮೂರು ಸೀರೆ.

ಅವನ್ನು ನಿನಗೆ ಪಾರ್ಸೆಲ್ ಕಳಿಸಿದ್ದೇನೆ. ಇಪ್ಪತ್ತು ವರ್ಷದಲ್ಲಿ ನನ್ನ ಹೆಸರಿನಲ್ಲಿ ಮಾಡಿದ ಮೊದಲ ರಫ್ತು. ಫಾರಂ ಇದರ ಜೊತೆಗಿದೆ. ಖಾಲಿ ಜಾಗದಲ್ಲಿ ‘ಅಕ್ಕ’ ಎಂದು ಬರೆದಿದ್ದೇನೆ. ಅಷ್ಟು ಬರೆಯಲು ಆರು ತಿಂಗಳು ಹಿಡಿಯಿತು.

ನಂಜು


ಮೈಸೂರು
27 ಅಕ್ಟೋಬರ್ 2025

ನಂಜು,

ಒಂದೇ ಕವರಿನಲ್ಲಿ ಎರಡು ಪತ್ರಗಳಿವೆ. ಸೆಪ್ಟೆಂಬರ್ ಮೂರರದ್ದನ್ನು ಮೊದಲು ಓದು. ಅದನ್ನು ಅಂದೇ ಕೊಟ್ಟಿದ್ದೆ. ಅಮೆರಿಕದವರ ಹೊಸ ಸುಂಕದ ಗಲಾಟೆಯಲ್ಲಿ ಇಲ್ಲಿಂದ ಅಲ್ಲಿಗೆ ಟಪಾಲೇ ನಿಂತಿದೆ ಎಂದು ಪೋಸ್ಟಾಫೀಸಿನವರು ಹಿಂದಕ್ಕೆ ಕಳಿಸಿದರು. ಈಗ ಮತ್ತೆ ಬಿಟ್ಟಿದ್ದಾರೆ. ಹರಿದುಹಾಕಬಹುದಿತ್ತು. ಆದರೆ ನೀನು ನನ್ನನ್ನು ಕೊಂದದ್ದನ್ನು ಒಪ್ಪಿಕೊಂಡಿರುವಾಗ ನಾನು ನಿನ್ನನ್ನು ಕೊಂದದ್ದನ್ನು ಮುಚ್ಚಿಡುವುದು ನ್ಯಾಯವಲ್ಲ.

ನಿನ್ನ ಪತ್ರವನ್ನು ಮೊದಲು ಓದಿದ್ದು ಮೇಡಂ. ನನ್ನನ್ನು ಕರೆಸಿದರು. ಜೈಲಿನ ದೊಡ್ಡ ಸಾಹೇಬರೂ ಇದ್ದರು. “ಏನಮ್ಮಾ, ಯಾರೂ ಇಲ್ಲ ಅಂತ ಬರ್ಕೊಟ್ಟೆ, ಇದ್ಯಾರು?” ಎಂದು ಸಾಹೇಬರು ಕೇಳಿದರು. “ಈಗ ಹುಟ್ಟವ್ನೆ ಸಾರ್” ಎಂದೆ. ಮೇಡಂ ಮುಖ ಆಚೆ ತಿರುಗಿಸಿಕೊಂಡರು, ನಕ್ಕರೋ ಏನೋ.

ಆಮೇಲೆ ಹಾಸಿಗೆಗೆ ಬಂದು ಕೂತಾಗ ಮಾತ್ರ ನಗು ಬರಲಿಲ್ಲ. ಹನ್ನೆರಡು ವರ್ಷ ನನ್ನ ಹೆಸರಿನಲ್ಲಿ ಯಾರೋ ಎಲೆ ಹಾಕಿದ್ದಾರೆ, ಬೆಲ್ಲ ಇಟ್ಟಿದ್ದಾರೆ. ಇಲ್ಲಿ ಆ ಅಮಾವಾಸ್ಯೆಗಳಂದು ನನ್ನನ್ನು ನೆನೆಯುವವರು ಯಾರೂ ಇಲ್ಲ ಎಂದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಇದ್ದರು ನೋಡು. ಸತ್ತವಳೆಂದು ನೆನೆದರು, ಆದರೂ ನೆನೆದರು. ಲಾವಣ್ಯಾಗೆ ಇದನ್ನು ಹೇಳು. ಕೇಳದಿದ್ದರೆ ಬೇಡ.

ನಿನ್ನ ಮೇಲೆ ಸಿಟ್ಟಿಲ್ಲ ಎಂದರೆ ಅದೂ ಸುಳ್ಳು. ಇದೆ. ಬಿಡುಗಡೆಯ ದಿನ ಬಂದು ಬೈಸಿಕೊಂಡು ಹೋಗು.

ಸೀರೆಗಳು ಬಂದಿವೆ, ಕಚೇರಿಯ ಬೀರುವಿನಲ್ಲಿಟ್ಟಿದ್ದಾರೆ. ಹೊರಗೆ ಹೋಗುವ ದಿನ ಕೊಡುತ್ತಾರಂತೆ.

ತಾಯಮ್ಮ


ಮಂಡಿಮೊಹಲ್ಲಾ, ಮೈಸೂರು
2 ಫೆಬ್ರವರಿ 2026

ಚಿರಂಜೀವಿ ದಿಯಾಗೆ ನಿನ್ನ ತಾಯಮ್ಮ ಅತ್ತೆ ಮಾಡುವ ಆಶೀರ್ವಾದ.

ನೀನೇ ಓದಲಿ ಎಂದು ದಪ್ಪ ಅಕ್ಷರದಲ್ಲಿ, ಬಿಡಿಸಿ ಬಿಡಿಸಿ ಬರೆದಿದ್ದೇನೆ. ಈ ಹಾಳೆಯ ಮೇಲೆ ಮುದ್ರೆ ಇಲ್ಲ, ನೋಡು.

ಇಪ್ಪತ್ತಾರನೆಯ ತಾರೀಖು ಬೆಳಿಗ್ಗೆ ನನ್ನನ್ನು ಬಿಟ್ಟರು. ನಿಮ್ಮಮ್ಮ ಕೊಟ್ಟ ಸೀರೆಗಳಲ್ಲಿ ಹಸಿರುಬಣ್ಣದ್ದನ್ನು ಉಟ್ಟುಕೊಂಡು ಹೊರಗೆ ಬಂದೆ. ಗೇಟಿನಲ್ಲಿ ಮಿಕ್ಕವರಿಗೆಲ್ಲ ಯಾರಾದರೊಬ್ಬರು ಬಂದಿದ್ದರು. ನಿಮ್ಮಪ್ಪನಿಗೆ ಕಚೇರಿಯಲ್ಲಿ ರಜೆ ಸಿಗಲಿಲ್ಲವಂತೆ, ಬೇಸಿಗೆಯಲ್ಲಿ ಬರಲು ನೋಡುತ್ತೇನೆ ಎಂದು ಬರೆದಿದ್ದ. ಸಲ್ಮಾ ಆಂಟಿಗೆ ಅಂಗಡಿಯಲ್ಲಿ ಮದುವೆ ಬಟ್ಟೆಯ ಅವಸರ. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಬಸ್ಸು ಹತ್ತಿದೆ. ಕಂಡಕ್ಟರು, “ಎಲ್ಲಿಗೆ ಅಜ್ಜಿ?” ಎಂದ. ಹದಿನೈದು ವರ್ಷದಿಂದ ಯಾರೂ ಹಾಗೆ ಕೇಳಿರಲಿಲ್ಲ. ಮಂಡಿಮೊಹಲ್ಲಾ ಎಂದೆ.

ನಾನು ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸ್. ನಿಮ್ಮಪ್ಪನಿಗೆ ಹೇಳು. ನಿಮ್ಮಮ್ಮ ನಿಮ್ಮಪ್ಪನ ಜೊತೆ ಮಾತಾಡುತ್ತಿದ್ದಾಳೋ? ಅದನ್ನು ನೀನು ನನಗೆ ಬರೆಯಬೇಕು. ಇಂಗ್ಲಿಷಿನಲ್ಲಾದರೂ ಸರಿ, ನನಗೆ ಓದಲು ಬರುತ್ತದೆ.

ಈಗ ಕಥೆ. ಎಲೆ ಕೊಟ್ಟು ಎಲ್ಲವನ್ನೂ ಕೊಳ್ಳುವ ಒಬ್ಬ ರಾಜನಿದ್ದ. ನಿಮ್ಮಪ್ಪನಿಗೆ ಅರ್ಧ ಗೊತ್ತು, ಅಲ್ಲಿಯವರೆಗೆ ಅವನ ಹತ್ತಿರ ಹೇಳಿಸಿಕೊ. ಮುಂದಿನದು ಇದು. ಒಂದು ದಿನ ರಾಜ ಊರಾಚೆ ಉಪ್ಪು ಮಾರುವ ಮುದುಕಿಯ ಗುಡಿಸಲಿಗೆ ಬಂದ. ಒಂದು ಬೊಗಸೆ ಉಪ್ಪು ಕೊಂಡ. ಎಲೆ ಕೊಟ್ಟ. ಮುದುಕಿ ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ ಹಿಂದಕ್ಕೆ ಕೊಟ್ಟಳು.

“ನಾನೊಬ್ಳೇ ಇರೋಳು ಕಣಪ್ಪಾ, ಇದನ್ನ ಇಸ್ಕೊಂಡು ಯಾರಿಗ್ ಕೊಡ್ಲಿ? ಎಲೆ ಬ್ಯಾಡ. ನೀನೇ ಒಳೀಕ್ ಬಾ. ಕೂತು ಒಂದು ತುತ್ತು ಉಂಡು ಹೋಗು.”

ರಾಜ ಅಲ್ಲಿಯವರೆಗೆ ಯಾರ ಮನೆಯಲ್ಲೂ ಕೂತವನಲ್ಲ. ಬಾಗಿಲಲ್ಲೇ ನಿಂತ. ಮುದುಕಿ ತಟ್ಟೆಗೆ ಅನ್ನ ಹಾಕಿದಳು, ಚೆಂಬಿನಲ್ಲಿ ನೀರಿಟ್ಟಳು, ಗೋಡೆಗೆ ಒರಗಿ ಕೂತಳು.

ರಾಜ ಒಳಗೆ ಬಂದನೋ, ಎಲೆಯನ್ನು ಹೊಸಿಲ ಮೇಲಿಟ್ಟು ಹೋದನೋ ನನಗೆ ಗೊತ್ತಿಲ್ಲ ಕೂಸೇ. ನಮ್ಮವ್ವ ನನಗೂ ಅಲ್ಲಿಗೇ ನಿಲ್ಲಿಸಿದ್ದಳು. ಅನ್ನ ಇನ್ನೂ ಬಿಸಿಯಾಗಿದೆ. ಮುಂದೇನಾಯಿತು ಎಂದು ನಿಮ್ಮಪ್ಪನನ್ನು ಕೇಳು.

ತಾಯಮ್ಮ ಅತ್ತೆ